ಕಳೆಯುವ ಮೊದಲು ಎಷ್ಟು?

ಈ ವಾರದ ಕ್ವಾಂಟಮ್ ಆಪ್ಟಿಕ್ಸ್ ಸಮ್ಮೇಳನದಲ್ಲಿ ಒಳ್ಳೆಯ ಉಪನ್ಯಾಸಗಳಿಗೇನೂ ಕೊರತೆ ಇರಲಿಲ್ಲ. ಆದರೂ ತಲೆಯಲ್ಲಿ ಕೂತಿರುವುದು ಪೋಸ್ಟರ್ ಸಾಲಿನಲ್ಲಿ ಕೇಳಿಸಿಕೊಂಡ ಮೂರು ಮಾತು.

ಸಂಶೋಧನಾ ವಿದ್ಯಾರ್ಥಿನಿಯೊಬ್ಬಳು ಬೆಲ್ ಪ್ರಯೋಗ ಮಾಡಿದ್ದಳು. ಜೋಡಿ ಫೋಟಾನ್‌ಗಳ ನಡುವಿನ ಹೊಂದಾಣಿಕೆ ಕ್ವಾಂಟಮ್ ಅಲ್ಲದ ಸಾಮಾನ್ಯ ವಿವರಣೆಯನ್ನು ಮೀರುತ್ತದೆಯೇ ಎಂದು ನೋಡುವ ಪರೀಕ್ಷೆ ಇದು. 405 ನ್ಯಾನೊಮೀಟರ್ ಲೇಸರ್, ಬಿಬಿಒ ಹರಳು, ಅದರಿಂದ ಹೊರಡುವ 810 ನ್ಯಾನೊಮೀಟರ್ ಫೋಟಾನ್ ಜೋಡಿ, ಎರಡೂ ಬದಿಗೆ ಪೋಲರೈಸರ್ (ಬೆಳಕಿನ ಕಂಪನದ ದಿಕ್ಕು ನೋಡಿ ಸೋಸುವ ಫಿಲ್ಟರ್) ಮತ್ತು ಡಿಟೆಕ್ಟರ್. ಪೋಸ್ಟರಿನ ನಡುವೆ ದಪ್ಪಕ್ಷರದಲ್ಲಿ ಎಸ್ = 2.55. ಎಸ್ ಆ ಹೊಂದಾಣಿಕೆಯ ಅಳತೆ; ಅದು 2ನ್ನು ದಾಟಿದರೆ ಬೆಲ್ ಅಸಮಾನತೆ ಮುರಿಯಿತು, ಎಂದರೆ ಸಾಮಾನ್ಯ ವಿವರಣೆ ಸಾಲದು. ಹಿರಿಯ ಪ್ರಾಧ್ಯಾಪಕರೊಬ್ಬರು ನಿಂತರು.

"ಆಕ್ಸಿಡೆಂಟಲ್ ಕಳೆಯುವ ಮೊದಲು ಎಷ್ಟಿತ್ತಮ್ಮ?"

"1.98, ಸರ್."

"ಹಾಗಾದರೆ ಇನ್ನಷ್ಟು ಹೊತ್ತು ಎಣಿಸು."

ಅಷ್ಟೇ ಹೇಳಿ ಮುಂದಿನ ಪೋಸ್ಟರಿಗೆ ಹೋಗಿಬಿಟ್ಟರು. ಆಕ್ಸಿಡೆಂಟಲ್ ಎಂದರೆ ಆಕಸ್ಮಿಕವಾಗಿ ಜೋಡಿಯೆಂದು ಎಣಿಕೆಗೆ ಸೇರಿದವು. ಅವರ ಪ್ರಶ್ನೆ ಆ ಮಧ್ಯಾಹ್ನ ಕೇಳಿದ್ದರಲ್ಲೇ ಅತ್ಯುತ್ತಮವಾದದ್ದು. ಸಲಹೆ ಮಾತ್ರ ತಪ್ಪು. ಅವಳು ತಡವರಿಸದೆ 1.98 ಎಂದದ್ದು ನನಗೆ ತುಂಬ ಹಿಡಿಸಿತು; ಆ ಅಂಕಿ ಪೋಸ್ಟರಿನ ಮೇಲೂ ಇರಬೇಕಿತ್ತು.

ಸಮಸ್ಯೆ ಎಲ್ಲಿದೆ ಎಂಬುದು ಅವಳ ಪಟ್ಟಿಯಲ್ಲೇ ಇತ್ತು. ಪ್ರತಿ ಡಿಟೆಕ್ಟರಿನಲ್ಲಿ ಸೆಕೆಂಡಿಗೆ ಸುಮಾರು 1 ಲಕ್ಷ ಬಿಡಿ ಎಣಿಕೆ (ಜೋಡಿ ನೋಡದೆ ಒಂದೊಂದಾಗಿ ಎಣಿಸಿದ್ದು), ಕೋಇನ್ಸಿಡೆನ್ಸ್ ವಿಂಡೋ (ಎರಡು ಫೋಟಾನ್ ಒಟ್ಟಿಗೆ ಬಂದವೆಂದು ಲೆಕ್ಕಕ್ಕೆ ಹಿಡಿಯುವ ಸಮಯದ ಅವಧಿ) 10 ನ್ಯಾನೊಸೆಕೆಂಡ್. ಎರಡು ಬಿಡಿ ಎಣಿಕೆ ಮತ್ತು ವಿಂಡೋ, ಮೂರನ್ನೂ ಗುಣಿಸಿದರೆ ಸೆಕೆಂಡಿಗೆ 100. ಜೋಡಿಯೇ ಅಲ್ಲದ ಎರಡು ಫೋಟಾನ್‌ಗಳು ಒಟ್ಟಿಗೆ ಬಂದಂತೆ ಕಾಣುವ ಎಣಿಕೆ ಇದು. ಪೋಲರೈಸರ್ ಎತ್ತ ತಿರುಗಿಸಿದರೂ ಇದು ಹೆಚ್ಚುಕಡಿಮೆ ಅಷ್ಟೇ ಇರುತ್ತದೆ. ಪೋಲರೈಸರ್ ತಿರುಗಿಸುತ್ತ ಹೋದಾಗ ಅವಳ ಗರಿಷ್ಠ ಜೋಡಿ ಎಣಿಕೆ ಸೆಕೆಂಡಿಗೆ 765, ಕನಿಷ್ಠ 135. ಎರಡರಿಂದಲೂ 100 ತೆಗೆದರೆ ವಿಸಿಬಿಲಿಟಿ (ಗರಿಷ್ಠ-ಕನಿಷ್ಠಗಳ ವ್ಯತ್ಯಾಸವನ್ನು ಅವುಗಳ ಮೊತ್ತದಿಂದ ಭಾಗಿಸಿದ್ದು) ಶೇ. 90, ತೆಗೆಯದಿದ್ದರೆ ಶೇ. 70. ಎಸ್ 2ನ್ನು ದಾಟಬೇಕಾದರೆ ಶೇ. 70.7ಕ್ಕಿಂತ ಹೆಚ್ಚು ಬೇಕು. ಕೂದಲೆಳೆಯಷ್ಟರಲ್ಲಿ ತಪ್ಪಿಹೋಗಿದೆ.

ಇನ್ನಷ್ಟು ಹೊತ್ತು ಎಣಿಸಿದರೆ ಏನಾಗುತ್ತದೆ? ಒಂದೊಂದು ಸೆಟ್ಟಿಂಗಿಗೆ 10 ಸೆಕೆಂಡ್ ಎಣಿಸಿದರೆ ಎಸ್‌ನ ದೋಷಮಿತಿ ಸುಮಾರು 0.013. ಅದರ ನಾಲ್ಕು ಪಟ್ಟು ಎಣಿಸಿದರೆ ದೋಷಮಿತಿ ಅರ್ಧಕ್ಕಿಳಿಯುತ್ತದೆ, 1.98 ಮಾತ್ರ 1.98 ಆಗಿಯೇ ಉಳಿಯುತ್ತದೆ. ಹಿನ್ನೆಲೆ ಎಣಿಕೆಯೂ ಹೊತ್ತಿನೊಂದಿಗೇ ಬೆಳೆಯುತ್ತದಲ್ಲ! ನೆದರ್ಲೆಂಡ್ಸಿನ ಡೆಲ್ಫ್ಟ್‌ನಲ್ಲಿ 2015ರಲ್ಲಿ ನಡೆದ ಬೆಲ್ ಪ್ರಯೋಗವನ್ನೇ ನೋಡಿ. 1.3 ಕಿಲೋಮೀಟರ್ ದೂರದ ಎರಡು ವಜ್ರಗಳೊಳಗಿನ ಎಲೆಕ್ಟ್ರಾನ್ ಸ್ಪಿನ್‌ಗಳು, ಬರೀ 245 ಟ್ರಯಲ್, ಎಸ್ = 2.42, ದೋಷಮಿತಿ 0.20. ಒಂದು ಟ್ರಯಲ್ಲನ್ನೂ ಕೈಬಿಡದೆ ಲೆಕ್ಕಕ್ಕೆ ಹಿಡಿದ ಅಂಕಿ ಅದು. ಫೋಟಾನ್ ಪ್ರಯೋಗದಲ್ಲಿ ಸಿಕ್ಕ ಜೋಡಿಗಳು ಸಿಗದವುಗಳನ್ನೂ ಪ್ರತಿನಿಧಿಸುತ್ತವೆ ಎಂದು ಮೊದಲೇ ಒಂದು ಊಹೆ ಮಾಡಿರುತ್ತೇವೆ. ಆಕ್ಸಿಡೆಂಟಲ್ ಕಳೆಯುವುದು ಅದರ ಮೇಲೆ ಇನ್ನೊಂದು ಊಹೆ. ಫೋಟಾನ್ ಜೋಡಿಗಳ ಮೂಲದ ಗುಣಮಟ್ಟ ತಿಳಿಯಲು ಕಳೆಯಿರಿ, ತಪ್ಪಿಲ್ಲ. ಬೆಲ್ ಅಸಮಾನತೆ ಮುರಿಯಿತು ಎನ್ನಲು ಕಳೆಯದ ಅಂಕಿಯೇ ಬೇಕು.

ವಿದ್ಯಾರ್ಥಿನಿಗೆ ಬೇಕಾಗಿದ್ದ ಉತ್ತರ ವಿಂಡೋದಲ್ಲಿದೆ. ಸಿಲಿಕಾನ್ ಡಿಟೆಕ್ಟರಿನ ಜಿಟ್ಟರ್ (ಫೋಟಾನ್ ಬಂದ ಸಮಯ ಗುರುತಿಸುವಲ್ಲಿನ ಏರುಪೇರು) ಸಾಮಾನ್ಯವಾಗಿ ಒಂದು ನ್ಯಾನೊಸೆಕೆಂಡಿಗಿಂತ ಕಡಿಮೆ, ಹಾಗಾಗಿ 3 ನ್ಯಾನೊಸೆಕೆಂಡ್ ಧಾರಾಳ ಸಾಕು. ಆಕ್ಸಿಡೆಂಟಲ್ 100ರಿಂದ 30ಕ್ಕೆ ಇಳಿಯುತ್ತದೆ, ಏನನ್ನೂ ಕಳೆಯದೆ ಎಸ್ 2.34 ಬರುತ್ತದೆ. ಪಂಪ್ ಲೇಸರಿನ (ಹರಳಿಗೆ ಬೀಳುವ ಲೇಸರ್) ಶಕ್ತಿಯನ್ನು ಅರ್ಧಕ್ಕಿಳಿಸಿದರೆ ನಿಜವಾದ ಜೋಡಿಗಳು ಅರ್ಧವಾಗುತ್ತವೆ, ಆಕ್ಸಿಡೆಂಟಲ್ ಕಾಲುಭಾಗವಾಗುತ್ತದೆ. ಬಿಡಿ ಎಣಿಕೆ ಕೋಣೆಯ ಬೆಳಕಿನಿಂದ ಬರುತ್ತಿದ್ದರೆ ಈ ಉಪಾಯ ಫಲಿಸದು. ಪಂಪ್ ಮುಚ್ಚಿ ಎಷ್ಟು ಎಣಿಕೆ ಉಳಿಯುತ್ತದೆಂದು ಮೊದಲು ನೋಡಬೇಕು. ಹೆಚ್ಚಿದ್ದರೆ ಫಿಲ್ಟರನ್ನೂ ಕಪ್ಪು ಹೊದಿಕೆಯನ್ನೂ ಸರಿಪಡಿಸಬೇಕು.

ವಿಂಡೋ ಕಿರಿದು ಮಾಡುವಾಗ ಎಡವುವುದು ಕೇಬಲ್‌ನಲ್ಲಿ. ಒಂದು ಮೀಟರ್ ಕೋಆಕ್ಸಿಯಲ್ ಕೇಬಲ್ ಸುಮಾರು 5 ನ್ಯಾನೊಸೆಕೆಂಡ್ ತಡಮಾಡುತ್ತದೆ. ಎರಡು ಕೇಬಲ್‌ಗಳ ಉದ್ದ ಅಷ್ಟು ಬೇರೆಯಿದ್ದರೆ 3 ನ್ಯಾನೊಸೆಕೆಂಡ್ ವಿಂಡೋದಿಂದ ಜೋಡಿಗಳೇ ತಪ್ಪಿಸಿಕೊಳ್ಳುತ್ತವೆ. ಹಾಗಾಗಿ ಮೊದಲು ಸಮಯದ ವ್ಯತ್ಯಾಸದ ಹಿಸ್ಟೋಗ್ರಾಮ್ ತೆಗೆದು, ಶಿಖರ ಎಲ್ಲಿದೆಯೋ ಅಲ್ಲಿಗೆ ವಿಂಡೋ ಸರಿಸಬೇಕು. ಅಗಲವನ್ನೂ ಎಸ್ ಲೆಕ್ಕ ಹಾಕುವ ಮೊದಲೇ ನಿಗದಿಪಡಿಸಬೇಕು. ಅವಳ ಬಳಿ ಟೈಮ್‌ಟ್ಯಾಗ್‌ಗಳು (ಪ್ರತಿ ಫೋಟಾನ್ ಬಂದ ಸಮಯದ ದಾಖಲೆ) ಉಳಿದಿದ್ದರೆ ಹೊಸದಾಗಿ ಅಳೆಯುವುದೂ ಬೇಡ, ಹಳೆಯ ಡೇಟಾದಿಂದಲೇ ಇದನ್ನು ಮಾಡಬಹುದು.