ಮಳೆಗಾಲದ ಕಪ್ಪು ಪರದೆ

ತೀರ್ಥಹಳ್ಳಿಯ ನಮ್ಮ ಮನೆಯಲ್ಲಿ ಆಷಾಢದ ಮಳೆ ಹಿಡಿದರೆ ಕರೆಂಟು ಯಾವಾಗ ಹೋಗುತ್ತದೆಂದು ಹೇಳಲಾಗದು. ಕಳೆದ ವಾರ ನನ್ನ ಕಂಪ್ಯೂಟರನ್ನು ನಡೆಸುವ ಲಿನಕ್ಸ್ ವ್ಯವಸ್ಥೆಯ ಅಪ್‌ಡೇಟ್ ಅರ್ಧದಲ್ಲಿದ್ದಾಗಲೇ ಅದು ಹೋಯಿತು. ಯುಪಿಎಸ್ ಬ್ಯಾಟರಿ ಬದಲಿಸುವುದನ್ನು ಮುಂದೂಡುತ್ತ ಬಂದ ತಪ್ಪು ನನ್ನದೇ. ಕರೆಂಟು ಬಂದ ಮೇಲೆ ಕಂಪ್ಯೂಟರ್ ಚಾಲೂ ಆಯಿತಾದರೂ ಲಾಗಿನ್ ಪರದೆ ಕಾಣಿಸಲಿಲ್ಲ. ಕಪ್ಪು ಪರದೆಯ ಎಡ ಮೂಲೆಯಲ್ಲಿ ಕರ್ಸರ್ ಮಿನುಗುತ್ತಿತ್ತು, ಅಷ್ಟೇ.

ಇಂಥ ಹೊತ್ತಿನಲ್ಲಿ ಎಲ್ಲವನ್ನೂ ಅಳಿಸಿ ಹೊಸದಾಗಿ ಇನ್‌ಸ್ಟಾಲ್ ಮಾಡುವ ಆತುರ ಹುಟ್ಟುತ್ತದೆ. ಆದರೆ ಅನೇಕ ಸಲ ಕೆಟ್ಟಿರುವುದು ಡೆಸ್ಕ್‌ಟಾಪ್ (ಕಿಟಕಿ, ಐಕಾನ್‌ಗಳನ್ನು ತೋರಿಸುವ ಭಾಗ) ಮಾತ್ರ, ಅದರಡಿಯ ವ್ಯವಸ್ಥೆ ಸರಿಯಾಗಿಯೇ ಓಡುತ್ತಿರುತ್ತದೆ. ಕಂಟ್ರೋಲ್, ಆಲ್ಟ್, ಎಫ್3 ಕೀಲಿಗಳನ್ನು ಒಟ್ಟಿಗೆ ಒತ್ತಿದಾಗ ಆಜ್ಞೆಗಳನ್ನು ಟೈಪ್ ಮಾಡುವ ಟರ್ಮಿನಲ್ ತೆರೆಯಿತು. ಜರ್ನಲ್‌ಸಿಟಿಎಲ್ ಎಂಬ ಆಜ್ಞೆಯ ಮೂಲಕ ಆ ಬೂಟಿನ ದಾಖಲೆ ಓದಿದಾಗ, ವ್ಯವಸ್ಥೆಯ ತಿರುಳಾದ ಕರ್ನಲ್ ಹೊಸದಾಗಿದ್ದರೂ ಅದಕ್ಕೆ ತಕ್ಕ ಗ್ರಾಫಿಕ್ಸ್ ಮಾಡ್ಯೂಲ್ (ಪರದೆಗೆ ಚಿತ್ರ ಮೂಡಿಸುವ ಡ್ರೈವರ್) ಸಿದ್ಧವಾಗಿರಲಿಲ್ಲವೆಂದು ತಿಳಿಯಿತು. ಕರ್ನಲ್‌ನಿಂದ ಪ್ರತ್ಯೇಕವಾಗಿ ಬರುವ ಇಂಥ ಡ್ರೈವರನ್ನು ಡಿಕೆಎಂಎಸ್ ಎಂಬ ಸಾಧನ ಪ್ರತಿ ಹೊಸ ಕರ್ನಲ್‌ಗೂ ಮರಳಿ ಕಂಪೈಲ್ ಮಾಡುತ್ತದೆ, ಅದಕ್ಕೆ ಅದೇ ಕರ್ನಲ್‌ನ ಹೆಡರ್ ಕಡತಗಳು (ಕರ್ನಲ್‌ಗೆ ಹೊಂದುವಂತೆ ಡ್ರೈವರ್ ಕಟ್ಟಲು ಬೇಕಾದ ವಿವರಗಳು) ಬೇಕು. ಆ ಹಂತ ತಲುಪುವ ಮುನ್ನವೇ ಕರೆಂಟು ಕೈಕೊಟ್ಟಿತ್ತು.

ಮೊದಲು ಡಿಎಫ್ ಆಜ್ಞೆ ಕೊಟ್ಟು ಡಿಸ್ಕಿನಲ್ಲಿ ಜಾಗವಿದೆಯೇ ಎಂದು ನೋಡಿದೆ (ಬೂಟ್ ವಿಭಾಗ ತುಂಬಿ ಹೋದರೂ ಅಪ್‌ಡೇಟ್ ಹೀಗೆಯೇ ಅರ್ಧಕ್ಕೆ ನಿಲ್ಲುತ್ತದೆ). ಅನಂತರ ಉಳಿದ ಪ್ಯಾಕೇಜುಗಳನ್ನು ಪ್ಯಾಕೇಜುಗಳನ್ನು ಅಳವಡಿಸುವ ಡಿಪಿಕೆಜಿಯ ಕಾನ್ಫಿಗರ್ ಆಯ್ಕೆಯಿಂದ ಪೂರ್ತಿಗೊಳಿಸಿ, ಹೆಡರ್‌ಗಳನ್ನು ಪ್ಯಾಕೇಜುಗಳನ್ನು ಇಳಿಸಿ ತರುವ ಎಪಿಟಿಯಿಂದ ಹಾಕಿಕೊಂಡೆ. ಮಾಡ್ಯೂಲ್ ತಯಾರಾಗುವಷ್ಟರಲ್ಲಿ ಒಂದು ಲೋಟ ಕಾಫಿ ಮುಗಿದಿತ್ತು. ಇದೂ ಫಲಿಸದಿದ್ದರೆ ಕಂಪ್ಯೂಟರ್ ಚಾಲೂ ಆಗುವಾಗ ಬರುವ ಗ್ರಬ್ ಪಟ್ಟಿಯಿಂದ ಹಳೆಯ ಕರ್ನಲ್ ಆಯ್ದುಕೊಳ್ಳುವ ದಾರಿ ಇತ್ತು; ಅದಕ್ಕೆಂದೇ ಹಿಂದಿನ ಒಂದು ಕರ್ನಲ್ಲನ್ನು ನಾನು ಯಾವಾಗಲೂ ಉಳಿಸಿಕೊಂಡಿರುತ್ತೇನೆ. ರೀಬೂಟ್ ಮಾಡಿದೆ, ಲಾಗಿನ್ ಪರದೆ ಬಂತು. ಬ್ಯಾಟರಿಗೆ ಮರುದಿನವೇ ಶಿವಮೊಗ್ಗದ ಬಸ್ಸು ಹತ್ತಿದೆ.