ಇಳಿಯಲು ಇಳಿಜಾರೇ ಇಲ್ಲದ ಕಡೆಗೆ ಗುಂಪು ಹೊರಡಿಸುವಾಗ

ಮಡಿಕೇರಿಯಲ್ಲಿ ಕೂತು ಚಾರಣದ ಗುಂಪುಗಳನ್ನು ಹೊರಡಿಸುವುದು ನನ್ನ ಕೆಲಸ. ವರ್ಷದ ಹೆಚ್ಚಿನ ಭಾಗ ತಡಿಯಂಡಮೋಳ್, ಬ್ರಹ್ಮಗಿರಿ, ಕೋಟೆಬೆಟ್ಟ ಅಂತ ಇಲ್ಲೇ ಓಡಾಟ. ಆದರೆ ಊರಿನವರೇ ಒಂದಷ್ಟು ಜನ ಸೇರಿ "ಲಡಾಖಿನ ಚಾಂಗ್‌ತಾಂಗ್‌ಗೆ ಹೋಗೋಣ, ನೀವೇ ಪ್ಲಾನ್ ಮಾಡಿ" ಅಂದಾಗ ಕೆಲಸದ ರೀತಿಯೇ ಬದಲಾಗುತ್ತದೆ. ಅದು ಯಾಕೆ, ಹೇಗೆ ಅಂತ ಬರೆಯುತ್ತಿದ್ದೇನೆ. ಸ್ನೇಹಿತರ ಗುಂಪು ಕಟ್ಟಿಕೊಂಡು ಸ್ವಂತವಾಗಿ ಹೋಗುವವರಿಗೂ ಇದು ಬೇಕಾಗುತ್ತದೆ.

ತಡಿಯಂಡಮೋಳ್ ಕೊಡಗಿನ ಅತಿ ಎತ್ತರದ ಬೆಟ್ಟ, 1,748 ಮೀಟರ್. ಅಲ್ಲಿ ಯಾರಿಗಾದರೂ ಹುಷಾರು ತಪ್ಪಿದರೆ ಕೆಳಗೆ ಕರೆದುಕೊಂಡು ಬಂದರಾಯಿತು. ಕೆಲವು ಗಂಟೆಯಲ್ಲಿ ನಾಲ್ಕುನಾಡು ಅರಮನೆಯ ಹತ್ತಿರ ಜೀಪು ಸಿಗುತ್ತದೆ. ಚಾಂಗ್‌ತಾಂಗ್ ಹಾಗಲ್ಲ. ಅದು ಪ್ರಸ್ಥಭೂಮಿ. ಅಲ್ಲಿ ನೆಲವೇ 4,500 ಮೀಟರ್ ಎತ್ತರದಲ್ಲಿದೆ. ಕಣ್ಣಿಗೆ ಕಾಣುವುದು ಚಪ್ಪಟೆ ಬಯಲು, ದೂರದಲ್ಲಿ ಬೋಳು ಗುಡ್ಡ. ಒಂದು ದಿನ ಪೂರ್ತಿ ನಡೆದರೂ ನೀವು ಇಳಿದಿರುವುದು ಏನೂ ಇಲ್ಲ ಅನ್ನುವಷ್ಟು. ಎತ್ತರದಲ್ಲಿ ಆಮ್ಲಜನಕ ಸಾಲದೆ ಬರುವ ಎತ್ತರದ ಕಾಯಿಲೆಗೆ ನಿಜವಾದ ಮದ್ದು ಕೆಳಗೆ ಇಳಿಯುವುದು. ಆ ಮದ್ದೇ ಹತ್ತಿರದಲ್ಲಿ ಇಲ್ಲದ ಜಾಗ ಅದು. ಹಾಗಾಗಿ ನಾನು ಈ ಯೋಜನೆಯನ್ನು ತುದಿಯಿಂದ ಶುರು ಮಾಡುವುದಿಲ್ಲ. ಯಾವ ಜಾಗದಿಂದ ಹೊರಗೆ ಬರಬಹುದು, ಎಲ್ಲೆಲ್ಲಿ ಸುಮ್ನೆ ಕೂರಬೇಕು, ಇವೆರಡನ್ನು ಮೊದಲು ಬರೆಯುತ್ತೇನೆ. ನಡಿಗೆ ಆಮೇಲೆ.

ನಾವು ಆರಿಸಿಕೊಂಡ ದಾರಿ ರುಮ್ತ್ಸೆಯಿಂದ ತ್ಸೋ ಮೊರಿರಿ ಸರೋವರದವರೆಗೆ. ಕ್ಯಾಮರ್, ತಿಸಾಲಿಂಗ್ ದಾಟಿದರೆ ತ್ಸೋ ಕರ್ ಸರೋವರದ ದಂಡೆ. ಅಲ್ಲಿಂದ ನುರುಚಾನ್, ರಾಚುಂಗ್‌ಕಾರು, ಗ್ಯಾಮಾ, ಕೊನೆಗೆ ಕೋರ್ಝೋಕ್ ಹಳ್ಳಿ. ನಡುವೆ 5,000 ಮೀಟರ್ ದಾಟುವ ಕಣಿವೆದಾರಿಗಳು (ಅಲ್ಲಿನವರು 'ಲಾ' ಅನ್ನುತ್ತಾರೆ) ಹಲವು. ಕೊನೆಯದು 5,400 ಮೀಟರ್ ಮೀರುತ್ತದೆ. ಡೇರೆ, ಅಡುಗೆ ಸಾಮಾನು, ಸೀಮೆಎಣ್ಣೆ ಕುದುರೆ ಮೇಲೆ ಹೋಗುತ್ತವೆ. ದಿನದ ಬಟ್ಟೆ, ನೀರು, ಮಳೆಕೋಟು, ತಿಂಡಿ ನಮ್ಮ ಬೆನ್ನ ಮೇಲೆ.

ದಿನಾಂಕದ ಚರ್ಚೆ ಕೊಡಗಿನಲ್ಲಿ ಯಾವಾಗಲೂ ತೋಟದಿಂದ ಶುರುವಾಗುತ್ತದೆ. ಈ ದಾರಿಯಲ್ಲಿ ನಡೆಯಬಹುದಾದ ಕಾಲ ಜುಲೈಯಿಂದ ಸೆಪ್ಟೆಂಬರ್ ಕೊನೆಯವರೆಗೆ. ಜುಲೈ ಮಧ್ಯದಿಂದ ನಮಗೆ ಕಕ್ಕಡ, ಜೋರು ಮಳೆಯ ತಿಂಗಳು. ಗದ್ದೆ ಇರುವವರಿಗೆ ನಾಟಿ, ತೋಟದವರಿಗೆ ಮರ ಬೀಳುವ ಚಿಂತೆ, ಕರೆಂಟಿಲ್ಲದ ದಿನಗಳು. 2018ರ ಆಗಸ್ಟಿನ ಭೂಕುಸಿತದ ನಂತರ ಇನ್ನೊಂದು ಸೇರಿಕೊಂಡಿದೆ. ಇಳಿಜಾರಿನಲ್ಲಿ ಮನೆ ಇರುವವರು ಆಗಸ್ಟಿನಲ್ಲಿ ವಯಸ್ಸಾದವರನ್ನು ಬಿಟ್ಟು ಎಲ್ಲಿಗೂ ಹೋಗಲು ಒಪ್ಪುವುದಿಲ್ಲ. ಒಪ್ಪಬಾರದು ಕೂಡ. ಫೋನೇ ಹತ್ತದ ಜಾಗದಲ್ಲಿ ನಿಂತು ಊರಿನ ಗುಡ್ಡ ಏನಾಯಿತೋ ಅಂತ ಯೋಚಿಸುವವನಿಗೆ ನಡಿಗೆಯಲ್ಲಿ ಗಮನ ಇರುವುದಿಲ್ಲ. ಅದಕ್ಕೇ ನಾವು ಸೆಪ್ಟೆಂಬರ್ ಮೊದಲ ವಾರದ ಕೈಲ್‌ಪೊಳ್ದ್ ಹಬ್ಬ ಮುಗಿಸಿ ಹೊರಡುವ ಲೆಕ್ಕ ಹಾಕಿದೆವು. ನಾಟಿ ಮುಗಿದಿರುತ್ತದೆ, ಮಳೆ ತಗ್ಗಿರುತ್ತದೆ, ಹಬ್ಬಕ್ಕೆ ಎಲ್ಲರೂ ಮನೆಯಲ್ಲಿ ಇದ್ದ ಹಾಗಾಯಿತು. ಇದಕ್ಕೆ ಬೆಲೆಯೂ ಇದೆ. ಆ ಹೊತ್ತಿಗೆ ತ್ಸೋ ಮೊರಿರಿಯಲ್ಲಿ ರಾತ್ರಿ ಸೊನ್ನೆಗಿಂತ ಕೆಳಗೆ ಹೋಗುತ್ತದೆ, ಹಾಗಾಗಿ ಮಲಗುವ ಚೀಲ ದಪ್ಪದ್ದೇ ಬೇಕು. ಹಬ್ಬದ ಊಟ, ಅದರ ಜೊತೆಗಿನ ಪೆಗ್ಗು ಆದ ಮರುದಿನವೇ ವಿಮಾನ ಹತ್ತುವುದಂತೂ ಬೇಡ. ಮೂರು ನಾಲ್ಕು ದಿನ ಬಿಡಿ.

ನಿಜವಾದ ಜಗ್ಗಾಟ ಆಗುವುದು ರಜೆ ಬಗ್ಗೆ. ಗುಂಪಿನಲ್ಲಿ ಕಾಫಿ ಬೆಳೆಗಾರರು, ಒಬ್ಬ ಬ್ಯಾಂಕ್ ಅಧಿಕಾರಿ, ಇಬ್ಬರು ಟೀಚರ್, ಸೇನೆಯಿಂದ ನಿವೃತ್ತರಾದ ಒಬ್ಬ ಸುಬೇದಾರರು ಇದ್ದರು. ನನ್ನ ಪಟ್ಟಿ ಹೀಗಿತ್ತು: ಲೇಹ್‌ನಲ್ಲಿ ಮೂರು ರಾತ್ರಿ, ರುಮ್ತ್ಸೆಯಲ್ಲಿ ಎರಡು, ತ್ಸೋ ಕರ್ ದಂಡೆಯಲ್ಲಿ ಎರಡು, ಉಳಿದ ಕಡೆ ಒಂದೊಂದು. ವಾಪಸ್ ಬಂದ ಮೇಲೆ ಲೇಹ್‌ನಲ್ಲಿ ಎರಡು ರಾತ್ರಿ ಕೈಯಲ್ಲಿ. ಹವಾಮಾನ ಕೆಟ್ಟರೆ ಅಲ್ಲಿನ ವಿಮಾನ ರದ್ದಾಗುವುದು ಸಾಮಾನ್ಯ. ಮನೆಯಿಂದ ಮನೆಗೆ ಹತ್ತಿರ ಹತ್ತಿರ 18 ದಿನ. ಬ್ಯಾಂಕಿನವರು ಪಟ್ಟಿ ನೋಡಿದ ಕೂಡಲೇ ಪೆನ್ನು ತೆಗೆದರು. "ಲೇಹ್‌ನಲ್ಲಿ ಮೂರು ದಿನ ಏನ್ ಮಾಡೋದು? ರುಮ್ತ್ಸೆಯಲ್ಲಿ ಎರಡು ಯಾಕೆ? ಇಲ್ಲಿ ನಾಲ್ಕು ದಿನ ಉಳಿಸಬಹುದಲ್ವಾ?"

ಎಲ್ಲರೂ ಮೊದಲು ಕತ್ತರಿ ಹಾಕುವುದು ಇದೇ ಜಾಗಕ್ಕೆ. ಏನೂ ನಡೆಯದ ದಿನ ಅಂದರೆ ದಂಡ ಅಂತ ಅನಿಸುತ್ತದೆ. ಲೇಹ್‌ನಲ್ಲಿ ಒಂದೇ ರಾತ್ರಿ ಇಟ್ಟು ದರ ಇಳಿಸಿಕೊಡುವ ಏಜೆನ್ಸಿಗಳೂ ಇವೆ. ಅಂಥ ಒಂದು ಪಟ್ಟಿಯನ್ನು ಅವರು ಫೋನಿನಲ್ಲಿ ತೋರಿಸಿದರು ಕೂಡ.

ಆಗ ಸುಬೇದಾರರು ಮಾತಾಡಿದರು. ಅವರು ಲಡಾಖಿನಲ್ಲಿ ಕೆಲಸ ಮಾಡಿದವರು. "ಸೇನೆಯಲ್ಲಿ ಯಾರಿಗೂ ಈ ರಿಯಾಯಿತಿ ಇಲ್ಲ. 9,000 ಅಡಿಯಿಂದ 12,000 ಅಡಿವರೆಗೆ ಆರು ದಿನ. ಅದರ ಮೇಲೆ 15,000 ಅಡಿವರೆಗೆ ಮತ್ತೆ ನಾಲ್ಕು. ಅದಕ್ಕೂ ಮೇಲೆ ಇನ್ನೂ ನಾಲ್ಕು. ಮೊದಲ ಎರಡು ದಿನ ಪೂರ್ತಿ ವಿಶ್ರಾಂತಿ. ಇಪ್ಪತ್ತು ವರ್ಷದ ಜವಾನನಿಗೂ ಅಷ್ಟೇ, ಆಫೀಸರ್‌ಗೂ ಅಷ್ಟೇ" ಅಂದರು. ಇಲ್ಲಿ ಮನೆಮನೆಯಲ್ಲೂ ಫೌಜಿಗಳಿದ್ದಾರೆ. 1948ರ ನವೆಂಬರಿನಲ್ಲಿ ಜೋಜಿ ಲಾಗೆ ಟ್ಯಾಂಕ್ ಹತ್ತಿಸಿದ ಜನರಲ್ ತಿಮ್ಮಯ್ಯನವರು ಇದೇ ಮಡಿಕೇರಿಯವರು. ಸೇನೆಯ ಮಾತಿಗೆ ಇಲ್ಲಿ ತೂಕ ಇದೆ. ಪೆನ್ನು ಜೇಬಿಗೆ ಹೋಯಿತು. ನಮ್ಮ ಪಟ್ಟಿಯಲ್ಲಿ ಸೇನೆಯ ಲೆಕ್ಕಕ್ಕಿಂತ ಇನ್ನೂ ಕಡಿಮೆ ದಿನಗಳೇ ಇದ್ದವು, ಅದನ್ನೂ ಅವರಿಗೆ ಬಿಡಿಸಿ ಹೇಳಿದೆ.

ಕಾರಣವನ್ನೂ ತಿಳಿಸಬೇಕು. ಬರೀ ನಿಯಮ ಅಂದರೆ ಜನ ಅದನ್ನು ದಾರಿಯಲ್ಲಿ ಮುರಿಯುತ್ತಾರೆ. ಸಮುದ್ರ ಮಟ್ಟದಲ್ಲಿ ಒಂದು ಉಸಿರಿಗೆ ಸಿಗುವ ಆಮ್ಲಜನಕವನ್ನು 100 ಅಂದುಕೊಳ್ಳಿ. ತಡಿಯಂಡಮೋಳ್ ತುದಿಯಲ್ಲಿ ಅದು 80ರ ಆಸುಪಾಸು. ಲೇಹ್ 3,500 ಮೀಟರ್, ಅಲ್ಲಿ 65. ತ್ಸೋ ಕರ್ ದಂಡೆಯಲ್ಲಿ 57, 58. ದೇಹ ಇದಕ್ಕೆ ಹೊಂದಿಕೊಳ್ಳುತ್ತದೆ. ಉಸಿರಾಟ ಜಾಸ್ತಿ ಆಗುತ್ತದೆ, ಅದರಿಂದ ರಕ್ತದಲ್ಲಾಗುವ ಏರುಪೇರನ್ನು ಮೂತ್ರಪಿಂಡ ನಿಧಾನವಾಗಿ ಸರಿಪಡಿಸುತ್ತದೆ. ಈ ಕೆಲಸಕ್ಕೆ ಹಿಡಿಯುವುದು ದಿನಗಳು. ಕಾಲಿನ ಬಲಕ್ಕೂ ಇದಕ್ಕೂ ಸಂಬಂಧ ಇಲ್ಲ. 3,000 ಮೀಟರ್ ಮೇಲೆ ಮಲಗುವ ಜಾಗ ರಾತ್ರಿಗೆ 500 ಮೀಟರಿಗಿಂತ ಜಾಸ್ತಿ ಏರಬಾರದು ಅನ್ನುವುದು ವೈದ್ಯರ ಸಲಹೆ. ಲೇಹ್‌ನಿಂದ ರುಮ್ತ್ಸೆಗೆ ಸುಮಾರು 700 ಮೀಟರ್ ಏರಿಕೆ. ಅದಕ್ಕೇ ಅಲ್ಲಿ ಎರಡನೇ ರಾತ್ರಿ.

ನಮ್ಮ ಜನರಿಗೆ ಇದನ್ನು ಒಪ್ಪಿಸುವುದು ಸ್ವಲ್ಪ ಕಷ್ಟ. ನಾವು ಬೆಟ್ಟದವರು, ಬೆಟ್ಟ ನಮಗೇನು ಹೊಸದಾ ಅಂತ ಇರುತ್ತದೆ. ಕೊಡಗಿನ ಬೆಟ್ಟ ಕಾಲು, ಮಂಡಿ, ದಮ್ಮು ಎಲ್ಲವನ್ನೂ ಗಟ್ಟಿ ಮಾಡುತ್ತದೆ. ಎತ್ತರದ ಅಭ್ಯಾಸ ಮಾತ್ರ ಎತ್ತರದಲ್ಲೇ ಆಗಬೇಕು. ಗಟ್ಟಿ ಕಾಲಿನವನಿಗೇ ಅಪಾಯ ಜಾಸ್ತಿ ಅಂತ ನನ್ನ ಅನಿಸಿಕೆ. ಮೊದಲ ದಿನ ಅವನು ಓಡುತ್ತಾನೆ, ರಾತ್ರಿ ತಲೆನೋವನ್ನು ಯಾರಿಗೂ ಹೇಳುವುದಿಲ್ಲ.

ಹಾಗಂತ ಇಲ್ಲಿನ ತಯಾರಿ ಬೇಡ ಅಂತಲ್ಲ. ಮಳೆ ಹಿಡಿಯುವ ಮೊದಲೇ ಚಾರಣದ ಟಿಕೆಟ್ ಮಾಡಿಸಿ ತಡಿಯಂಡಮೋಳ್ ಹತ್ತಿಸಿದೆ, ಚಾಂಗ್‌ತಾಂಗ್‌ಗೆ ಒಯ್ಯುವ ಅದೇ ಬ್ಯಾಗು, ಅದೇ ಬೂಟು ಹಾಕಿಸಿ. ಮರುದಿನ ಎಲ್ಲರಿಗೂ ರಜೆ ಕೊಡದೆ ಮತ್ತೆ ನಡೆಸಿದೆ. ಒಂದು ದಿನ ಯಾರು ಬೇಕಾದರೂ ನಡೆಯುತ್ತಾರೆ. ಎರಡನೇ ದಿನ ಬೆಳಿಗ್ಗೆ ಬೂಟು ಹಾಕಿಕೊಳ್ಳುವಾಗ ಮುಖ ನೋಡಿದರೆ ಗೊತ್ತಾಗುತ್ತದೆ. ಯಾರ ಹಿಮ್ಮಡಿ ಗುಳ್ಳೆ ಎದ್ದಿದೆ, ಯಾರು ನೀರು ಕುಡಿಯುವುದನ್ನು ಮರೆಯುತ್ತಾರೆ, ಯಾರು ಹಿಂದೆ ಉಳಿದವರಿಗೆ ಕಾಯುತ್ತಾರೆ, ಯಾರು ಕಾಯುವುದಿಲ್ಲ, ಎಲ್ಲ. ಜೋಡಿಗಳನ್ನು ನಾನು ಅಲ್ಲೇ ಮಾಡಿದೆ. ಪ್ರತಿಯೊಬ್ಬರಿಗೂ ಒಬ್ಬ ಜೊತೆಗಾರ. ಗಂಡ ಹೆಂಡತಿಯನ್ನು ಒಂದೇ ಜೋಡಿ ಮಾಡುವುದಿಲ್ಲ. ಮನೆಯವರ ನೋವನ್ನು ಮುಚ್ಚಿಡುವ ಅಭ್ಯಾಸ ಮನೆಯವರಿಗೇ ಜಾಸ್ತಿ.

ವೈದ್ಯರ ತಪಾಸಣೆ ಕಡ್ಡಾಯ. ಬಿಪಿ, ಸಕ್ಕರೆ, ಹೃದಯ, ಈಗ ತೆಗೆದುಕೊಳ್ಳುತ್ತಿರುವ ಮಾತ್ರೆ ಎಲ್ಲ ಬರೆದುಕೊಂಡು ಹೋಗಬೇಕು. ಎತ್ತರದ ಕಾಯಿಲೆ ತಡೆಯಲು ಕೊಡುವ ಡೈಮಾಕ್ಸ್ ಮಾತ್ರೆ ಬೇಕಾ ಬೇಡವಾ ಅನ್ನುವುದನ್ನು ವೈದ್ಯರೇ ಹೇಳಲಿ. ಸಾಮಾನ್ಯವಾಗಿ ಕೊಡುವುದು 125 ಮಿಲಿಗ್ರಾಂ, ದಿನಕ್ಕೆ ಎರಡು ಸಲ. ಸಲ್ಫಾ ಔಷಧಿ ಆಗದವರು ಅದನ್ನು ಮೊದಲೇ ತಿಳಿಸಬೇಕು. ಬೆರಳು ಜುಮ್ಮೆನ್ನುವುದು, ಮೂತ್ರ ಜಾಸ್ತಿ ಆಗುವುದು ಆ ಮಾತ್ರೆಯ ಗುಣ, ಅದಕ್ಕೆ ಹೆದರಬೇಕಿಲ್ಲ. ಕರ್ಪೂರ ಮೂಸುವುದು, ಬೆಳ್ಳುಳ್ಳಿ ಸೂಪು ಕುಡಿಯುವುದು ಎಲ್ಲ ಅವರವರ ಇಷ್ಟ, ಆದರೆ ಅವು ವಿಶ್ರಾಂತಿಯ ಬದಲಿಗೆ ಬರುವುದಿಲ್ಲ. ಲೇಹ್‌ನ ಮೂರು ರಾತ್ರಿ ಯಾರೂ ಮದ್ಯ ಮುಟ್ಟುವ ಹಾಗಿಲ್ಲ ಅಂತ ಇಲ್ಲಿಯೇ ಮಾತು ತೆಗೆದುಕೊಂಡೆ. ಕೊಡಗಿನಲ್ಲಿ ಈ ಮಾತು ಮೊದಲೇ ಆಗಬೇಕು, ಅಲ್ಲಿ ಹೋದ ಮೇಲೆ ಆಗುವುದಿಲ್ಲ.

ಇನ್ನು ಹೊರದಾರಿಗಳು. ನಾನು ಅತಿ ಹೆಚ್ಚು ಹೊತ್ತು ಕೂತದ್ದು ಈ ನಕ್ಷೆಯ ಮುಂದೆ. ರುಮ್ತ್ಸೆ ಬಿಟ್ಟ ಮೇಲೆ ವಾಹನ ಸಲೀಸಾಗಿ ಬರಬಲ್ಲ ಮೊದಲ ಜಾಗ ತ್ಸೋ ಕರ್. ಅದಾದ ಮೇಲೆ ನಂಬಬಹುದಾದ್ದು ಕೋರ್ಝೋಕ್. ಮೊದಲ ಎರಡು ದಿನ ಯಾರಿಗಾದರೂ ಕೆಟ್ಟರೆ ಬಂದ ದಾರಿಯಲ್ಲೇ ವಾಪಸ್. ತ್ಸೋ ಕರ್‌ನಿಂದ ಲೇಹ್‌ಗೆ ನೇರ ರಸ್ತೆ ಇದೆ, ಆದರೆ ಅದು 5,300 ಮೀಟರ್ ಮೀರಿದ ತಗ್ಲಾಂಗ್ ಲಾ ಹತ್ತಿ ಇಳಿಯುತ್ತದೆ. ಉಸಿರು ಕಟ್ಟುತ್ತಿರುವವರನ್ನು ಇನ್ನೂ ಮೇಲಕ್ಕೆ ಒಯ್ಯಬೇಕು. ಇನ್ನೊಂದು ದಾರಿ ಪೊಲೊಕೊಂಗ್ಕಾ ಲಾ ದಾಟಿ ಪುಗಾ, ಸುಮ್ದೋ ಮೇಲೆ ಮಾಹೆಗೆ ಹೋಗುತ್ತದೆ. ಅದೂ 5,000 ಮೀಟರ್ ಹತ್ತಿರದ್ದೇ, ಆದರೂ ತಗ್ಲಾಂಗ್ ಲಾಗಿಂತ ತಗ್ಗು. ಮಾಹೆಯಲ್ಲಿ ಸಿಂಧೂ ನದಿ ಸಿಕ್ಕಿತು ಅಂದರೆ ಅಲ್ಲಿಂದ ನದಿ ಜೊತೆಗೇ ಇಳಿಯುತ್ತಾ ಹೋಗಬಹುದು. ಸುತ್ತು ದಾರಿ ನಿಜ, ಆದರೂ ಬೇನೆಯವರಿದ್ದರೆ ನಾನು ಅದನ್ನೇ ಹಿಡಿಯಿರಿ ಅನ್ನುತ್ತೇನೆ. ಎರಡೂ ದಾರಿಯನ್ನು ಡ್ರೈವರ್ ಜೊತೆ ಹೊರಡುವ ಮೊದಲೇ ಮಾತಾಡಿ, ಗುಂಪು ತ್ಸೋ ಕರ್ ತಲುಪುವ ದಿನ ವಾಹನ ಅಲ್ಲೇ ಇರುವ ಹಾಗೆ ಗೊತ್ತು ಮಾಡಿದೆ. ಖರ್ಚು ಜಾಸ್ತಿ ಆಯಿತು. ಆಮ್ಲಜನಕದ ಸಿಲಿಂಡರ್, ಮತ್ತೆ ಯಾವ ಹೊರೆಯೂ ಇಲ್ಲದ ಒಂದು ಕುದುರೆ, ಇವೆರಡಕ್ಕೂ ಹಣ ತೆಗೆದಿಟ್ಟೆ. ನಡೆಯಲಾರದವರನ್ನು ಕೂರಿಸಿಕೊಂಡು ಬರಲು ಆ ಕುದುರೆ.

ತ್ಸೋ ಕರ್‌ನಲ್ಲಿ ಎರಡು ರಾತ್ರಿ ಇಟ್ಟದ್ದು ಇದಕ್ಕೇ. ಮುಂದೆ ಹೋಗುವವರು ಯಾರು, ವಾಹನ ಹತ್ತುವವರು ಯಾರು ಅಂತ ಅಲ್ಲಿ ತೀರ್ಮಾನ. ಅದನ್ನು ಭಾವನೆಗೆ ಬಿಡಬಾರದು. 2018ರಲ್ಲಿ ಪರಿಷ್ಕರಿಸಿದ ಲೇಕ್ ಲೂಯಿಸ್ ಅಂಕಪಟ್ಟಿ ಅಂತ ಇದೆ. ತಲೆನೋವು, ವಾಕರಿಕೆ, ಸುಸ್ತು, ತಲೆಸುತ್ತು, ಒಂದೊಂದಕ್ಕೂ ಸೊನ್ನೆಯಿಂದ ಮೂರು ಅಂಕ. ತಲೆನೋವೂ ಇದ್ದು ಒಟ್ಟು ಮೂರು ಅಥವಾ ಜಾಸ್ತಿ ಆದರೆ ಎತ್ತರದ ಕಾಯಿಲೆ ಅಂತ ಲೆಕ್ಕ. ಅದನ್ನು ಕನ್ನಡದಲ್ಲಿ ಬರೆದು ಎಲ್ಲರಿಗೂ ಕೊಟ್ಟೆ. ಸಂಜೆ ಜೊತೆಗಾರ ಕೇಳಿ ತುಂಬಬೇಕು. ಮೂರು ಬಂದರೆ ಮರುದಿನ ಏರುವ ಹಾಗಿಲ್ಲ. ಒಂದು ಕಾಲಿನ ಹಿಮ್ಮಡಿಗೆ ಇನ್ನೊಂದು ಕಾಲಿನ ಹೆಬ್ಬೆರಳು ತಾಗಿಸಿ ನೇರ ಗೆರೆಯಲ್ಲಿ ನಡೆಯಲು ಆಗದಿದ್ದರೆ, ಅಥವಾ ಸುಮ್ಮನೆ ಕೂತಿದ್ದರೂ ಏದುಸಿರು ಬರುತ್ತಿದ್ದರೆ, ಬೆಳಗಾಗಲಿ ಅಂತ ಕಾಯುವುದೂ ಇಲ್ಲ. ಮಾರ್ಗದರ್ಶಿ ವಾಪಸ್ ಅಂದರೆ ವಾಪಸ್. ದುಡ್ಡು ಯಾರದ್ದೇ ಆಗಲಿ, ವಯಸ್ಸು ಎಷ್ಟೇ ಇರಲಿ. ಈ ಮಾತಿಗೆ ಎಲ್ಲರ ಸಹಿ ಮಡಿಕೇರಿಯಲ್ಲೇ ಆಯಿತು. ಸುಬೇದಾರರು ಮೊದಲು ಹಾಕಿದರು, ಉಳಿದವರಿಗೆ ಮಾತಾಡಲು ಜಾಗ ಉಳಿಯಲಿಲ್ಲ.

ಊಟದ ವಿಷಯ ಬೇಗ ಹೇಳಿ ಮುಗಿಸುತ್ತೇನೆ. ಆ ಎತ್ತರದಲ್ಲಿ ನೀರು 85 ಡಿಗ್ರಿಯಲ್ಲೇ ಕುದಿಯುತ್ತದೆ, ಪ್ರೆಷರ್ ಕುಕ್ಕರ್ ಇಲ್ಲದೆ ಅನ್ನ, ಬೇಳೆ ಬೇಯುವುದಿಲ್ಲ. ಹಸಿವು ಸತ್ತಿರುತ್ತದೆ. ಹಾಗಾಗಿ ಅವರವರಿಗೆ ಬಾಯಿಗೆ ಹಿಡಿಸುವ ಒಂದು ತಿಂಡಿ ಮನೆಯಿಂದಲೇ ಬರಲಿ. ಉಪ್ಪಿನಕಾಯಿ ಡಬ್ಬಿ ಮೊದಲು ಖಾಲಿಯಾಗುತ್ತದೆ. ತ್ಸೋ ಕರ್ ನೀರು ಉಪ್ಪು, ಕುಡಿಯುವ ಹಾಗಿಲ್ಲ, ಒರತೆ ಎಲ್ಲಿದೆ ಅಂತ ಕುದುರೆಯವರನ್ನು ಕೇಳಿಕೊಂಡೇ ಡೇರೆ ಹಾಕಬೇಕು. ಬ್ಯಾಗನ್ನು ಕಾಫಿ ತೂಗುವ ತಕ್ಕಡಿಗೆ ನೇತುಹಾಕಿ ತೂಗಿದೆವು, ಜಾಸ್ತಿ ಆದದ್ದೆಲ್ಲ ಕಣದಲ್ಲೇ ಉಳಿಯಿತು. ತ್ಸೋ ಮೊರಿರಿ 2002ರಿಂದ ರಾಮ್ಸಾರ್ ತಾಣ, ಅಂದರೆ ಅಂತರರಾಷ್ಟ್ರೀಯ ಮಹತ್ವದ ಜೌಗು ಪ್ರದೇಶ, ತ್ಸೋ ಕರ್ 2020ರಿಂದ. ಕಪ್ಪು ಕತ್ತಿನ ಕೊಕ್ಕರೆಗಳು ಮೊಟ್ಟೆ ಇಡುವ ಜಾಗ. ಅಲ್ಲಿ ಕುರಿ, ಪಶ್ಮಿನಾ ಆಡು ಮೇಯಿಸುವ ಚಾಂಗ್ಪಾ ಜನರಿಗೆ ಆ ತೆಳು ಹುಲ್ಲೇ ಬದುಕು. ಚಳಿಯಲ್ಲಿ ಏನೂ ಕೊಳೆಯುವುದಿಲ್ಲ, ಆದ್ದರಿಂದ ಟಿಶ್ಯೂ ಪೇಪರ್ ಸಮೇತ ಎಲ್ಲ ಕಸವೂ ವಾಪಸ್ ಬರಬೇಕು. ಇದರಲ್ಲಿ ನಾನು ಯಾರಿಗೂ ಸಡಿಲ ಕೊಡುವುದಿಲ್ಲ.

ಕೊನೆಯದು ಫೋನು. ಹೊರ ರಾಜ್ಯದ ಪ್ರೀಪೇಯ್ಡ್ ಸಿಮ್ ಲಡಾಖಿನಲ್ಲಿ ನಡೆಯುವುದಿಲ್ಲ, ಪೋಸ್ಟ್‌ಪೇಯ್ಡ್ ಬೇಕು. ಅನುಮತಿ ಇಲ್ಲದೆ ಸ್ಯಾಟಲೈಟ್ ಫೋನ್ ಒಯ್ದರೆ ಕಾನೂನಿನ ತೊಂದರೆ. ನಡುವಿನ ದಿನಗಳಲ್ಲಿ ಸುದ್ದಿಯೇ ಇರುವುದಿಲ್ಲ ಅಂತ ಮನೆಯವರಿಗೆ ಮೊದಲೇ ತಿಳಿದಿರಬೇಕು. ಊರಲ್ಲಿ ಒಬ್ಬರನ್ನು ಗೊತ್ತು ಮಾಡಿ ಅವರ ಕೈಗೆ ಒಂದು ಹಾಳೆ ಕೊಡುತ್ತೇನೆ. ಎಲ್ಲರ ರಕ್ತದ ಗುಂಪು, ಮಾತ್ರೆಗಳು, ದಿನದಿನದ ಡೇರೆ ಜಾಗ, ಡ್ರೈವರ್ ನಂಬರ್, ಲೇಹ್‌ನ ಎಸ್‌ಎನ್‌ಎಂ ಆಸ್ಪತ್ರೆಯ ನಂಬರ್ ಅದರಲ್ಲಿ ಇರುತ್ತವೆ. ಕೋರ್ಝೋಕ್ ತಲುಪಬೇಕಾದ ದಿನ ದಾಟಿ ಮರುದಿನ ಸಂಜೆಯವರೆಗೂ ಸುದ್ದಿ ಬರದಿದ್ದರೆ ಯಾರಿಗೆ ಮೊದಲು ಫೋನ್ ಮಾಡಬೇಕು ಅಂತಲೂ ಬರೆದಿರುತ್ತದೆ. ಈ ಸಲ ಆ ಹಾಳೆ ಹಿಡಿದದ್ದು ವಿರಾಜಪೇಟೆಯಲ್ಲಿರುವ ಟೀಚರ್ ಒಬ್ಬರ ಅಕ್ಕ. ಅವರು ಅದನ್ನು ಓದಿ, ಡ್ರೈವರ್‌ಗೆ ಬರುವ ಭಾಷೆ ಯಾವುದು ಅಂತ ಕೇಳಿದರು. ಆ ಸಾಲು ನನ್ನ ಹಾಳೆಯಲ್ಲಿ ಈಗ ಹೊಸದಾಗಿ ಸೇರಿದೆ.