ಅಪ್ಪನ ಕಾರ್ಡಿಗನ್, ಎಡಗಡೆ ಕಾಜಾ

ಎರಡು ಗಂಟೆ ಕೂತು ಹಾಕಿದ ಗುಂಡಿಪಟ್ಟಿಯನ್ನು ಇವತ್ತು ಸಂಜೆ ಹತ್ತೇ ನಿಮಿಷದಲ್ಲಿ ಬಿಚ್ಚಿಬಿಟ್ಟೆ.

ಅಪ್ಪನಿಗೆ ಕ್ರೋಶಾ ಕಾರ್ಡಿಗನ್. ಮಡಿಕೇರಿ ಮಳೆ ಶುರುವಾಗುವ ಮೊದಲು ಮುಗಿಸಬೇಕು. ಮೈ, ತೋಳು ಎಲ್ಲ ಆಗಿ ಗುಂಡಿಪಟ್ಟಿಗೆ ಬಂದಿದ್ದೆ. ನೋಡಿದರೆ ಕಾಜಾ ಬಲಗಡೆ ಬಿಟ್ಟಿದ್ದೇನೆ! ಇಷ್ಟು ವರ್ಷ ಅಮ್ಮನಿಗೆ, ನನಗೆ ಹಾಕಿದ ಕೈ, ರೂಢಿಯಲ್ಲಿ ಹಾಗೇ ಹೋಗಿದೆ. ಗಂಡಸರ ಬಟ್ಟೆಗೆ ಕಾಜಾ ಎಡಗಡೆ, ಗುಂಡಿ ಬಲಗಡೆ ಅಲ್ವಾ.

"ಇರಲಿ ಬಿಡು ಪುಟ್ಟಿ, ಯಾರು ನೋಡ್ತಾರೆ" ಅಂದರು ಅಪ್ಪ.

ಯಾರೂ ನೋಡದಿರಬಹುದು. ಆದರೆ ಜೀವನವಿಡೀ ಒಂದೇ ಕಡೆ ಗುಂಡಿ ಹಾಕಿಕೊಂಡ ಬೆರಳುಗಳು ಅವು. ಬೆಳಗಿನ ಚಳಿಯಲ್ಲಿ ಅವು ತಡಕಾಡಬಾರದು. ಒಬ್ಬರಿಗಾಗಿ ಹೆಣೆಯುವುದು ಅಂದರೆ ಎದೆಯ ಸುತ್ತಳತೆ ಮಾತ್ರ ಅಲ್ಲ, ಅವರ ಕೈ ಎತ್ತ ಹೋಗುತ್ತೆ ಅನ್ನುವುದೂ ಗೊತ್ತಿರಬೇಕು ಅನ್ನಿಸಿತು.

ಕಾರ್ಡಿಗನ್ ಮೈತುಂಬ ಉಬ್ಬು ಗೆರೆಗಳು. 5 ಎಂಎಂ ಕಡ್ಡಿ. ಕೆಳಗಿನ ಸಾಲಿನ ಕಂಬದ (ನೆಟ್ಟಗೆ ನಿಂತ ಹೆಣಿಗೆಯ) ತಲೆಗೆ ಚುಚ್ಚದೆ, ಮುಂದಿನಿಂದ ಕಡ್ಡಿ ತೂರಿಸಿ, ಅದರ ಹಿಂದೆ ಸುತ್ತಿ ಮತ್ತೆ ಮುಂದಕ್ಕೆ ತೆಗೆದರೆ ಕಂಬ ಮುಂದಕ್ಕೆ ಎದ್ದು ನಿಲ್ಲುತ್ತದೆ. ದಾರ ಜಾಸ್ತಿ ತಿನ್ನುತ್ತದೆ, ಅಗಲವೂ ಒಳಗೆ ಎಳೆದುಕೊಳ್ಳುತ್ತದೆ. ಆದರೆ ಕೈಯಾಡಿಸಿದರೆ ಎಷ್ಟು ದಪ್ಪ, ಎಷ್ಟು ಬೆಚ್ಚಗೆ!

ಬಿಚ್ಚಿದ ದಾರ ಸುರುಳಿ ಸುರುಳಿಯಾಗಿ ಮಡಿಲ ತುಂಬ ಬಿದ್ದಿತ್ತು. ಅಪ್ಪ ಪಕ್ಕ ಕೂತು ಸುಮ್ನೆ ಉಂಡೆ ಸುತ್ತಿಕೊಟ್ಟರು.

ಈಗ ಎಡಗಡೆ ಮೊದಲ ಕಾಜಾ ಆಯಿತು. ಇನ್ನು ಐದು.